ಕರ್ನಾಟಕ: ಎತ್ತರದ ನಾಡೋ, ಎರಿ ಮಣ್ಣಿನ ನಾಡೋ?

ಇದು ಜಮಖಂಡಿ ತಾಲ್ಲೂಕಿನ ತುಬಚಿ, ಕೃಷ್ಣಾ ತೀರದ ಊರು. ಮಳೆ ಬಿದ್ದ ಮೇಲೆ ಎರಿ ಹೊಲಕ್ಕೆ ಕಾಲಿಟ್ಟು ನೋಡಿ, ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಭಾರವಾಗುತ್ತದೆ.

ನಾಡಿನ ಹೆಸರು ಬಂದದ್ದೇ ಈ ಮಣ್ಣಿನಿಂದ ಅನ್ನುತ್ತಾರೆ ಕೆಲವು ವಿದ್ವಾಂಸರು: ಕರಿಯ ನಾಡು, ಕರ್ನಾಡು. ಇಲ್ಲ, 'ಕರು' ಅಂದರೆ ಎತ್ತರ, ದಖನ್ ಪ್ರಸ್ಥಭೂಮಿಯ ಎತ್ತರದ ನಾಡೇ ಕರುನಾಡು ಅನ್ನುವವರೂ ಇದ್ದಾರೆ. ವಾದ ಇನ್ನೂ ತೀರಿಲ್ಲ. ಆದರೆ ಎರಡರಲ್ಲೂ ಇರುವುದು ನೆಲ, ಯಾವ ರಾಜನ ಹೆಸರೂ ಅಲ್ಲ. ನನಗೆ ಅದೇ ದೊಡ್ಡ ಮಾತು.

ಸಂಸ್ಕೃತದಲ್ಲಿ ಇದು ಕರ್ಣಾಟ, ಮಹಾಭಾರತದಲ್ಲೂ ಬರುತ್ತದೆ. ಹಳೆಯ ಬರಹಗಳಲ್ಲಿ 'ಕರ್ಣಾಟಕ' ಎಂದು ಣಕಾರ ಕಾಣುವುದು ಅದಕ್ಕೇ. ಇಂಗ್ಲಿಷರು ಕಾರ್ನಾಟಿಕ್ ಅಂದರು, ಅಂದು ಆ ಹೆಸರನ್ನು ಅಂಟಿಸಿದ್ದು ಆರ್ಕಾಟ್ ನವಾಬರ ತಮಿಳು ಸೀಮೆಗೆ!

ನಮ್ಮ ಸೀಮೆಗೆ ಹೆಸರು ದಕ್ಕಿದ್ದು ತಡವಾಗಿ. ಪಟವರ್ಧನರ ಜಮಖಂಡಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ಕನ್ನಡಿಗರು ಒಂದಾದರು, ರಾಜ್ಯದ ಹೆಸರು ಮಾತ್ರ ಮೈಸೂರು. ಉತ್ತರದವರಿಗೆ ಅದು ಒಗ್ಗಲೇ ಇಲ್ಲ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು, ಅದು ಕರ್ನಾಟಕವಾಯಿತು.

ಹಿಂದಿ, ಮರಾಠಿ ಬಾಯಲ್ಲಿ ಕೊನೆಯ ಅಕಾರ ಬಿದ್ದು 'ಕರ್ನಾಟಕ್' ಆಗುತ್ತದೆ. ಧಾರವಾಡದ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನ ಕೊನೆಗೂ 'ಎ' ಅಕ್ಷರವಿಲ್ಲ. ನೀವು ಮುಂಬಯಿಯಲ್ಲಿರಿ, ದಿಲ್ಲಿಯಲ್ಲಿರಿ, ಕೊನೆಯ 'ಅ' ನುಂಗಬೇಡಿ. ಪೂರ್ತಿಯಾಗಿ ಹೇಳಿ: ಕರ್ನಾಟಕ.