ದೂರದ ಪರಿಚಯದ ನೆರವು

ತಂತ್ರಜ್ಞಾನ ಸಂಸ್ಥೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು ಐವತ್ತರ ಪ್ರಾಯದಲ್ಲಿ ಕೆಲಸ ಕಳೆದುಕೊಂಡರೆ, ಮನೆಯವರು ಮೊದಲು ಮಾಡುವುದು ಸುದ್ದಿಯನ್ನು ಮುಚ್ಚಿಡುವುದು. 2022ರ ನವೆಂಬರಿನಲ್ಲಿ ಮೆಟಾ ಸಂಸ್ಥೆ 11,000ಕ್ಕೂ ಹೆಚ್ಚು ನೌಕರರನ್ನು, 2023ರ ಜನವರಿಯಲ್ಲಿ ಗೂಗಲ್‌ನ ಮಾತೃಸಂಸ್ಥೆ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿದವು. ಹೀಗಿರುವಾಗ ನಾಚಿಕೆಗೆ ಕಾರಣವೇನು? ಆ ಮೌನವೇ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ, ಕೆಲಸ ಬದಲಿಸಿದ್ದ ವೃತ್ತಿಪರ, ತಾಂತ್ರಿಕ ಹಾಗೂ ಆಡಳಿತ ವರ್ಗದವರನ್ನು ವಿಚಾರಿಸಿ 1973ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ, ಆ ಪರಿಚಿತರನ್ನು ಆಗಾಗ ಕಾಣುತ್ತಿದ್ದವರು ಶೇಕಡಾ 17ರಷ್ಟು ಮಾತ್ರ. ಉಳಿದವರಿಗೆ ನೆರವಾದವರು ಎಂದೋ ಒಮ್ಮೆ ಭೇಟಿಯಾಗುತ್ತಿದ್ದವರು: ಸಹಪಾಠಿ, ಹಳೆಯ ಸಹೋದ್ಯೋಗಿ, ಹಿಂದಿನ ಮೇಲಧಿಕಾರಿ. ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ದೂರದವರು ಬೇರೊಂದು ವಲಯದ ಸುದ್ದಿಯನ್ನು ತರುತ್ತಾರೆ. ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನ ಒಂದು ತಿದ್ದುಪಡಿಯನ್ನು ಸೇರಿಸಿತು: ತೀರ ಅಪರಿಚಿತರೂ ಅಲ್ಲ, ತೀರ ಆಪ್ತರೂ ಅಲ್ಲ, ನಡುವಿನವರೇ ಹೆಚ್ಚು ಉಪಯುಕ್ತರು.

ಇದು ವಶೀಲಿಯಲ್ಲವೇ ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ವಶೀಲಿಯು ಅರ್ಹತೆಯ ಸ್ಥಾನವನ್ನು ಆಕ್ರಮಿಸುತ್ತದೆ. ಮಾಹಿತಿಯು ಅರ್ಹನಿಗೆ ಬಾಗಿಲು ಎಲ್ಲಿದೆಯೆಂದು ತೋರಿಸುತ್ತದೆ, ಅಷ್ಟೇ. ಉನ್ನತ ಹುದ್ದೆಗಳು ಅನೇಕ ವೇಳೆ ಜಾಹೀರಾತಿಲ್ಲದೆಯೇ ಭರ್ತಿಯಾಗುವುದರಿಂದ ಈ ವ್ಯತ್ಯಾಸ ಮುಖ್ಯ. ‘ಕೆಲಸ ಕೊಡಿಸಿ’ ಎಂದರೆ ಎದುರಿನವರು ಹಿಂಜರಿಯುತ್ತಾರೆ. ‘ನಿಮ್ಮ ಕ್ಷೇತ್ರದಲ್ಲಿ ಏನು ನಡೆದಿದೆ, ಯಾರೊಡನೆ ಮಾತನಾಡಲಿ?’ ಎಂದರೆ ಅರ್ಧ ಗಂಟೆ ಕುಳಿತು ವಿವರಿಸುತ್ತಾರೆ.

ಹತ್ತು ವರ್ಷ ಮಾತನಾಡಿಸದವರಿಗೆ ಬರೆಯುವಾಗ ಸಂಕೋಚ ಸಹಜ. ಕೆಲಸ ಹೋದುದನ್ನು ಎರಡು ಸಾಲಿನಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿ, ಅವರ ಯೋಗಕ್ಷೇಮವನ್ನೂ ವಿಚಾರಿಸಿ ಬರೆದರೆ ಸಾಕು.