ಹ್ಯಾಮ್ ರೇಡಿಯೊಗೆ ಜಿಪಿಎಸ್ ಜೋಡಿಸಿದರೆ ಸಿಗ್ನಲ್ ಹೆಚ್ಚು ದೂರ ಹೋಗುತ್ತದೆಯೇ?

‘ರೇಡಿಯೊ ಹಿಂಬದಿಗೆ ಜಿಪಿಎಸ್ ಪೆಟ್ಟಿಗೆಯೊಂದನ್ನು ಸಿಕ್ಕಿಸಿದರೆ ಸಾಕು, ಸಿಗ್ನಲ್ ಎರಡು ಪಟ್ಟು ದೂರ ಹೋಗುತ್ತದೆ’ ಎಂಬಂತಹ ಮಾತು ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಇದು ತಪ್ಪು. ಅಂತಹ ಪೆಟ್ಟಿಗೆ ಇರುವುದು ನಿಜ, ಅದರಿಂದ ಉಪಯೋಗವಿರುವುದೂ ನಿಜ. ಆದರೆ ಅದು ಮಾಡುವ ಕೆಲಸವೇ ಬೇರೆ. ದುಡ್ಡು ಕೊಡುವ ಮೊದಲು ಆ ಕೆಲಸ ಏನೆಂದು ತಿಳಿದುಕೊಳ್ಳೋಣ.

ರೇಡಿಯೊ ಒಳಗಿನ ಹರಳು

ಇಂದಿನ ಬಹುತೇಕ ರೇಡಿಯೊಗಳಲ್ಲಿ ಒಂದು ಕ್ವಾರ್ಟ್ಜ್ ಹರಳು ಇರುತ್ತದೆ. ಕೈಗಡಿಯಾರದಲ್ಲಿರುವಂಥದ್ದೇ. ಅದರ ಕಂಪನವನ್ನು ಆಧಾರವಾಗಿ ಇಟ್ಟುಕೊಂಡೇ ರೇಡಿಯೊ ತನ್ನ ಫ್ರೀಕ್ವೆನ್ಸಿಯನ್ನು ನಿರ್ಧರಿಸುತ್ತದೆ. ಬಿಸಿಲು, ಚಳಿ, ವಯಸ್ಸು ಎಲ್ಲವೂ ಈ ಹರಳಿನ ಕಂಪನವನ್ನು ತುಸು ಬದಲಿಸುತ್ತವೆ. ಪರದೆಯ ಮೇಲೆ ಎಂಟು ಅಂಕಿ ಕಂಡರೂ ಅವು ಈ ಹರಳು ಹೇಳಿದ ಲೆಕ್ಕ ಮಾತ್ರ. ಹರಳು ತಪ್ಪಿದರೆ ಅಂಕಿಯೂ ತಪ್ಪು.

ಜಿಪಿಎಸ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ನಮ್ಮ ನಾವಿಕ್ ಉಪಗ್ರಹಗಳಲ್ಲೂ ಇವೆ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ. ಹ್ಯಾಮ್‌ಗಳು ಜಿಪಿಎಸ್‌ಡಿಒ ಎಂದು ಕರೆಯುವ ಪೆಟ್ಟಿಗೆ, ಜಿಪಿಎಸ್‌ನಿಂದ ಸಿಗುವ ನಿಖರ ಸಮಯಕ್ಕೆ ತನ್ನ ಹರಳನ್ನು ಹೋಲಿಸಿ ತಿದ್ದುತ್ತಲೇ ಇರುತ್ತದೆ. ಸಾಮಾನ್ಯವಾಗಿ 10 ಮೆಗಾಹರ್ಟ್ಸ್‌ನ ಶುದ್ಧ ಸಿಗ್ನಲ್ ಒಂದನ್ನು ರೇಡಿಯೊಗೆ ಕೊಡುತ್ತದೆ.

ಕಛೇರಿಯಲ್ಲಿ ಶ್ರುತಿಪೆಟ್ಟಿಗೆ ಮಾಡುವುದೂ ಇದನ್ನೇ. ಶ್ರುತಿ ಸೇರಿದರೆ ಹಾಡು ಸರಿಯಾದ ಸ್ವರದಲ್ಲಿ ನಿಲ್ಲುತ್ತದೆ, ಗಾಯಕರ ದನಿ ಜೋರಾಗುವುದಿಲ್ಲ. ರೇಡಿಯೊದ ವ್ಯಾಟ್ ಹೆಚ್ಚುವುದೂ ಇಲ್ಲ, ಆಂಟೆನಾ ಎತ್ತರವಾಗುವುದೂ ಇಲ್ಲ.

ಹಾಗಾದರೆ ಯಾರಿಗೆ ಬೇಕು?

ಹರಳು ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿತು ಎಂದುಕೊಳ್ಳಿ. ಗಡಿಯಾರದಲ್ಲಾದರೆ ಇದು ಹನ್ನೊಂದೂವರೆ ದಿನಕ್ಕೆ ಒಂದು ಸೆಕೆಂಡ್. 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತಾಡುವಾಗ ಇದೇ ತಪ್ಪು ಬರೀ 7 ಹರ್ಟ್ಸ್. ಕೇಳುವವರ ಕಿವಿಗೆ ಗೊತ್ತೇ ಆಗುವುದಿಲ್ಲ.

ಈಗ ಮೇಲಕ್ಕೆ ಹೋಗೋಣ. 2018ರ ನವೆಂಬರ್‌ನಲ್ಲಿ ಹಾರಿದ ಕತಾರ್‌ನ ಎಸ್‌ಹೈಲ್-2 ಉಪಗ್ರಹದಲ್ಲಿ ಹ್ಯಾಮ್‌ಗಳಿಗೆಂದೇ ಒಂದು ಭಾಗವಿದೆ, ಹೆಸರು ಕ್ಯೂಒ-100. ಅದು ಬೆಂಗಳೂರಿನ ಪಶ್ಚಿಮ ಆಕಾಶದಲ್ಲಿ ಸಿಗುತ್ತದೆ. ಅದರಿಂದ ಕೆಳಗೆ ಬರುವ ಸಿಗ್ನಲ್ ಸುಮಾರು 10,490 ಮೆಗಾಹರ್ಟ್ಸ್. ಹಿಡಿಯಲು ಟಿವಿ ಡಿಶ್ ಮತ್ತು ಅದರ ಮುಂದಿನ ಎಲ್‌ಎನ್‌ಬಿ ಸಾಕು. ಆದರೆ ಎಲ್‌ಎನ್‌ಬಿ ಒಳಗಿನ ಹರಳಿನ ಕಂಪನ ನೂರಾರು ಪಟ್ಟು ಹೆಚ್ಚಿ 9,750 ಮೆಗಾಹರ್ಟ್ಸ್ ಆಗುವುದರಿಂದ ತಪ್ಪೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಅದೇ ಹತ್ತು ಲಕ್ಷದಲ್ಲಿ ಒಂದು ಭಾಗ ಇಲ್ಲಿ 9,750 ಹರ್ಟ್ಸ್! ಒಬ್ಬರ ಮಾತಿಗೆ ಬೇಕಾದ ಜಾಗ 2,700 ಹರ್ಟ್ಸ್ ಮಾತ್ರ. ಅಂದರೆ ನೀವು ಮೂರು ಮಾತುಕತೆ ದಾಟಿ ಆಚೆ ನಿಂತಿರುತ್ತೀರಿ. ಬಿಸಿಲೇರಿದಂತೆ ಎಲ್‌ಎನ್‌ಬಿ ಕಾದು ದನಿ ಕೀರಲಾಗುತ್ತದೆ ಇಲ್ಲವೇ ಗೊಗ್ಗರಾಗುತ್ತದೆ. ಒಳ್ಳೆಯ ಜಿಪಿಎಸ್‌ಡಿಒ ಇದ್ದರೆ ಈ ತಪ್ಪು ಕೆಲವೇ ಹರ್ಟ್ಸ್‌ಗೆ ಇಳಿಯುತ್ತದೆ.

ಇನ್ನೆರಡು ಗೊಂದಲಗಳು

ಜಿಪಿಎಸ್ ಹಾಕಿದರೆ ನಮ್ಮ ಮನೆ ಎಲ್ಲಿದೆ ಎಂದು ಉಪಗ್ರಹಕ್ಕೆ ಗೊತ್ತಾಗುತ್ತದೆಯೇ? ಇಲ್ಲ. ಜಿಪಿಎಸ್ ರಿಸೀವರ್ ಸಿಗ್ನಲ್ ಪಡೆಯುತ್ತದೆಯೇ ಹೊರತು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ.

ಎಫ್‌ಟಿ8 ವಿಧಾನಕ್ಕೆ ಈ ಪೆಟ್ಟಿಗೆ ಬೇಕೇ ಬೇಕೇ? ಬೇಡ. ಅಲ್ಲಿ ಬೇಕಾಗಿರುವುದು ಕಂಪ್ಯೂಟರ್ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿಯಿರುವುದು. ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿಕೊಂಡರೆ ಸಾಕು.

ಕೊಳ್ಳುವ ಮುನ್ನ

ನಿಮ್ಮ ರೇಡಿಯೊದಲ್ಲಿ ಹೊರಗಿನ ರೆಫರೆನ್ಸ್ ಸಿಗ್ನಲ್‌ಗೆ ಸಾಕೆಟ್ ಇದೆಯೇ ಎಂದು ಮೊದಲು ನೋಡಿ. ಕೈಯಲ್ಲಿ ಹಿಡಿಯುವ ಸಾಮಾನ್ಯ ವಾಕಿಟಾಕಿಯಲ್ಲಿ ಇರುವುದಿಲ್ಲ. ಎಷ್ಟು ಮೆಗಾಹರ್ಟ್ಸ್, ಎಷ್ಟು ಪ್ರಬಲ ಸಿಗ್ನಲ್ ಕೊಡಬಹುದು ಎಂಬುದು ಮ್ಯಾನುಯಲ್‌ನಲ್ಲಿರುತ್ತದೆ. ಮಿತಿ ಮೀರಿದರೆ ರೇಡಿಯೊ ಕೆಡಬಹುದು. ಜಿಪಿಎಸ್ ಆಂಟೆನಾಗೆ ತೆರೆದ ಆಕಾಶ ಕಾಣಬೇಕು; ಪೆಟ್ಟಿಗೆ ಬಿಸಿಯಾಗಿ ಸ್ಥಿರವಾಗಲು ಸ್ವಲ್ಪ ಹೊತ್ತು ಬಿಡಬೇಕು.

ಕ್ಯೂಒ-100 ಬರೀ ಕೇಳುವ ಆಸೆಯಿದ್ದರೆ ಇಷ್ಟೂ ಬೇಡ. ಆ ಉಪಗ್ರಹದಿಂದ ಸದಾ ಬರುವ ಬೀಕನ್ ಸಿಗ್ನಲ್‌ಗೆ ಹೊಂದಿಸಿ ತಪ್ಪನ್ನು ತಾನೇ ತಿದ್ದಿಕೊಳ್ಳುವ ಉಚಿತ ಸಾಫ್ಟ್‌ವೇರ್ ಇದೆ. ಮಾತಾಡಲು ಮಾತ್ರ ಪರೀಕ್ಷೆ ಪಾಸಾಗಿ ಕೇಂದ್ರ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಪಡೆದಿರಲೇಬೇಕು.

ದೂರ ತಲುಪಬೇಕೆಂದರೆ ದುಡ್ಡನ್ನು ಆಂಟೆನಾಗೆ ಹಾಕಿ ಎಂಬುದೇ ನಮ್ಮ ಸಲಹೆ. ಜಿಪಿಎಸ್ ಪೆಟ್ಟಿಗೆ ಕೊಡುವುದು ನಿಖರತೆ, ದೂರವಲ್ಲ. ಆ ಸಂದೇಶ ಮತ್ತೆ ಬಂದರೆ ಈ ಒಂದು ಸಾಲನ್ನು ಸೇರಿಸಿ ಕಳಿಸಿ.