ಕನ್ನಡ ಎಸ್ಸೆಮ್ಮೆಸ್ಸಿಗೆ ಎಪ್ಪತ್ತೇ ಅಕ್ಷರ ಯಾಕೆ?

ಪ್ರಶ್ನೆ: ಸುರಪುರದಿಂದ ಶಹಾಪುರದ ಅಕ್ಕನಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಒಂದು ಮೆಸೇಜ್ ಎರಡಾಗುತ್ತದೆ, ಇಂಗ್ಲಿಷಿನಲ್ಲಿ ಹಾಗಾಗದು. ಇದನ್ನು ನಿರ್ಧರಿಸುವವರು ಯಾರು?
— ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಒಂದು ಎಸ್ಸೆಮ್ಮೆಸ್ಸಿನಲ್ಲಿರುವ ಜಾಗ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, 160 ಹಿಡಿಯುತ್ತವೆ. ಕನ್ನಡಕ್ಕೆ 16 ಬಿಟ್ ಬೇಕು, 70ಕ್ಕೇ ಭರ್ತಿ. ಅದರಲ್ಲೂ ಗುಣಿತದ ಚಿಹ್ನೆಗೆ ಬೇರೆ ಲೆಕ್ಕ: ‘ಸುರಪುರ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಫೋನಿಗೆ ಆರು.

ಈ ನಿಯಮಗಳನ್ನು ಈಗ ನೋಡಿಕೊಳ್ಳುವುದು 1998ರಲ್ಲಿ ಹುಟ್ಟಿದ ‘ತ್ರೀ ಜಿಪಿಪಿ’ ಎಂಬ ಅಂತರರಾಷ್ಟ್ರೀಯ ಕೂಟ. ಅದರ ಕಾರ್ಯತಂಡಗಳಲ್ಲಿ ಹ್ಯಾಂಡ್‌ಸೆಟ್ ಮಾಡುವವರು, ನೆಟ್‌ವರ್ಕ್ ನಡೆಸುವವರು, ಮಾರುಕಟ್ಟೆಯಲ್ಲಿ ಪೈಪೋಟಿಗಿಳಿದವರೇ ಒಟ್ಟಿಗೆ ಕೂರುತ್ತಾರೆ. ಒಬ್ಬರು ತಿದ್ದುಪಡಿ ಬರೆದು ತರುತ್ತಾರೆ, ಉಳಿದವರು ಪ್ರಶ್ನಿಸುತ್ತಾರೆ. ಸಹಮತ ಮೂಡಿದ ಮೇಲೆ ಮೇಲಿನ ಸಭೆಯ ಒಪ್ಪಿಗೆ. ಹೀಗೆಯೇ ಭಾರತೀಯ ಭಾಷೆಗಳಿಗೂ 7 ಬಿಟ್ಟಿನ ಅಕ್ಷರ ಕೋಷ್ಟಕಗಳು ಬಂದವು. ಅವುಗಳಲ್ಲಿ ಕನ್ನಡದ ಸಂಖ್ಯೆ 7 ಎಂದು ತಿಳಿದಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಕನ್ನಡದ ಕೋಷ್ಟಕ ಬಳಸಿದರೆ 150ಕ್ಕೂ ಹೆಚ್ಚು ಚಿಹ್ನೆ ಹಿಡಿಯುತ್ತವೆ. ಆದರೆ ಕಳಿಸುವ ಫೋನಿಗೂ ಓದುವ ಫೋನಿಗೂ ಆ ಕೋಷ್ಟಕ ಗೊತ್ತಿರಬೇಕು. ಇಲ್ಲದಿದ್ದರೆ ಅಕ್ಕನ ಫೋನಿನಲ್ಲಿ ಅರ್ಥವಾಗದ ಗುರುತುಗಳು ಮೂಡಿಯಾವು. ನಿಮ್ಮ ಮೆಸೇಜ್ ಎರಡಾಗುತ್ತಿದೆ ಎಂದರೆ, ನಿಮ್ಮ ಫೋನು ಇನ್ನೂ 16 ಬಿಟ್ಟಿನ ದಾರಿಯಲ್ಲೇ ಇದೆ.